ಕಿಂಗ್ಸ್‌ಬ್ರಿಜ್‌ನಿಂದ ಬೆರಿಕ್‌ವರೆಗೆ: ಒಂದು ದಾರಿ ಕಾದಂಬರಿಯನ್ನು ಕಟ್ಟಿದ ಬಗೆ

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಸೀಮೆಯಲ್ಲಿ ಕಿಂಗ್ಸ್‌ಬ್ರಿಜ್ ಎಂಬ ಪೇಟೆಯಿದೆ. ಕಡಲ ನೀರು ಒಳನಾಡಿಗೆ ಚಾಚಿಕೊಂಡ ಅಳಿವೆಯ ತುದಿಯಲ್ಲಿರುವ ಚಿಕ್ಕ ಊರು ಅದು. ಅದೇ ದೇಶದ ಈಶಾನ್ಯದ ತುತ್ತತುದಿಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಸುಮಾರು ನಾಲ್ಕು ಕಿಲೋಮೀಟರ್ ಈಚೆಗೆ, ಟ್ವೀಡ್ ನದಿ ಸಮುದ್ರ ಸೇರುವಲ್ಲಿ ಬೆರಿಕ್ ಇದೆ. ಕಾರಿನಲ್ಲಿ ಬೆಳಗ್ಗೆ ಹೊರಟವರು ರಾತ್ರಿಯೊಳಗೆ ಈ ತುದಿಯಿಂದ ಆ ತುದಿ ಮುಟ್ಟಬಹುದು. ರೇಚಲ್ ಜಾಯ್ಸ್ ಅವರು 2012ರಲ್ಲಿ ಪ್ರಕಟಿಸಿದ ‘ದಿ ಅನ್‌ಲೈಕ್ಲಿ ಪಿಲ್‌ಗ್ರಿಮೇಜ್ ಆಫ್ ಹೆರಾಲ್ಡ್ ಫ್ರೈ’ ಕಾದಂಬರಿಯಲ್ಲಿ ಅರವತ್ತೈದು ವರ್ಷದ ಒಬ್ಬ ನಿವೃತ್ತ ನೌಕರ ಈ ದೂರವನ್ನು ಕಾಲ್ನಡಿಗೆಯಲ್ಲಿ ಮುಗಿಸುತ್ತಾನೆ. 627 ಮೈಲಿ, ಅಂದರೆ ಸುಮಾರು 1,009 ಕಿಲೋಮೀಟರ್. ತೆಗೆದುಕೊಂಡದ್ದು 87 ದಿನ.

ಈ ಕಾದಂಬರಿಯಲ್ಲಿ ದಾರಿ ಎಂಬುದು ಕತೆ ನಡೆಯುವ ಜಾಗ ಮಾತ್ರವಲ್ಲ, ಕತೆಯನ್ನು ಕಟ್ಟುವ ಉಪಕರಣವೂ ಹೌದು. ಪಾತ್ರವನ್ನು ತೆರೆದಿಡುವುದು, ಗುಟ್ಟನ್ನು ಬಚ್ಚಿಡುವುದು, ವಸ್ತುವನ್ನು ಬೆಳೆಸುವುದು, ಯಾವಾಗ ಏನು ಹೇಳಬೇಕೆಂದು ತೀರ್ಮಾನಿಸುವುದು, ಹೀಗೆ ಬೇರೆ ಕಾದಂಬರಿಗಳಲ್ಲಿ ಕಥಾಸಂವಿಧಾನ ಮಾಡುವ ಕೆಲಸವನ್ನೆಲ್ಲ ಇಲ್ಲಿ ದಾರಿಯೇ ವಹಿಸಿಕೊಂಡಿದೆ. ಅದು ಹೇಗೆಂದು ಹಂತ ಹಂತವಾಗಿ ನೋಡಬಹುದು. ಆದರೆ ಕತೆಯ ಒಳಗುಟ್ಟನ್ನು ಮುಟ್ಟದೆ ಇದರ ಕಟ್ಟೋಣವನ್ನು ವಿವರಿಸಲಾಗದು. ಕಾದಂಬರಿಯನ್ನು ಇನ್ನೂ ಓದದವರು ಇದನ್ನು ಗಮನದಲ್ಲಿಟ್ಟುಕೊಂಡು ಮುಂದೆ ಸಾಗಬೇಕು.

ಕತೆ ಶುರುವಾಗುವುದು ಏಪ್ರಿಲ್ ನಡುವಿನ ಒಂದು ಮಂಗಳವಾರ. ಹೆರಾಲ್ಡ್ ಫ್ರೈ ಬಿಯರ್ ತಯಾರಿಸುವ ಕಂಪನಿಯೊಂದರಲ್ಲಿ ಮಾರಾಟ ಪ್ರತಿನಿಧಿಯಾಗಿ ದುಡಿದು ನಿವೃತ್ತನಾದವನು. ಮನೆಯಲ್ಲಿ ಅವನೂ ಹೆಂಡತಿ ಮೌರೀನಳೂ ಇಬ್ಬರೇ. ಮಾತುಕತೆ ನಿಂತು ಎಷ್ಟೋ ಕಾಲವಾಗಿದೆ. ಹಿಂದೆ ಜೊತೆಗೆ ಕೆಲಸ ಮಾಡಿದ್ದ ಕ್ವೀನಿ ಹೆನ್ನೆಸಿ ಎಂಬಾಕೆಯಿಂದ ಆ ದಿನ ಕಾಗದ ಬರುತ್ತದೆ. ಆಕೆಗೆ ಕ್ಯಾನ್ಸರ್. ಬೆರಿಕ್‌ನ ಒಂದು ಹಾಸ್ಪಿಸ್‌ನಲ್ಲಿದ್ದಾಳೆ. ಹಾಸ್ಪಿಸ್ ಎಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ಆರೈಕೆ ಮಾಡುವ ಆಸರೆಮನೆ. ಹೆರಾಲ್ಡ್ ಎರಡು ಸಾಲಿನ ಉತ್ತರ ಬರೆದು ಅಂಚೆಪೆಟ್ಟಿಗೆಗೆ ಹಾಕಲು ಹೋಗುತ್ತಾನೆ. ಬರೆದದ್ದು ಸಾಲದು ಅನ್ನಿಸುತ್ತದೆ. ಮುಂದಿನ ಪೆಟ್ಟಿಗೆಯವರೆಗೆ ನಡೆಯೋಣ ಅಂದುಕೊಳ್ಳುತ್ತಾನೆ, ಆಮೇಲೆ ಅದರ ಮುಂದಿನದರವರೆಗೆ. ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕ್ಯಾನ್ಸರ್ ಬಂದಿದ್ದ ತನ್ನ ಚಿಕ್ಕಮ್ಮನ ವಿಷಯ ಹೇಳಿ, ನಂಬಿಕೆ ಇರಬೇಕು ಎಂಬರ್ಥದ ಮಾತಾಡುತ್ತಾಳೆ. ಆ ಮಾತು ಹೆರಾಲ್ಡನೊಳಗೆ ಎಲ್ಲೋ ನಾಟುತ್ತದೆ. ಹಾಸ್ಪಿಸ್‌ಗೆ ಫೋನ್ ಮಾಡಿ, ತಾನು ನಡೆದು ಬರುತ್ತಿರುವುದಾಗಿಯೂ ತಾನು ನಡೆಯುತ್ತಿರುವಷ್ಟು ಕಾಲ ಕ್ವೀನಿ ಬದುಕಿರಬೇಕೆಂದೂ ತಿಳಿಸುತ್ತಾನೆ.

ಲೇಖಕಿಯ ಮೊದಲ ಕೈಚಳಕ ಈ ಹೊರಡುವಿಕೆಯಲ್ಲೇ ಇದೆ. ಸಾವಿರ ಕಿಲೋಮೀಟರ್ ನಡೆಯುವ ನಿರ್ಧಾರವನ್ನು ಒಬ್ಬ ಮನುಷ್ಯ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡಿದ ಎಂದಿದ್ದರೆ ಓದುಗರು ಒಪ್ಪುತ್ತಿರಲಿಲ್ಲ. ಹೆರಾಲ್ಡನ ಸ್ವಭಾವಕ್ಕಂತೂ ಅದು ಒಗ್ಗದ ಮಾತು. ಅವನು ಜೀವನದಲ್ಲಿ ಯಾವುದಕ್ಕೂ ಮುನ್ನುಗ್ಗಿದವನಲ್ಲ, ಎಲ್ಲವನ್ನೂ ಮುಂದೂಡುತ್ತಲೇ ಬಂದವನು. ಇಲ್ಲಿಯೂ ಅವನು ಮಾಡುವುದು ಅದನ್ನೇ: ಕಾಗದ ಹಾಕುವುದನ್ನು ಮುಂದೂಡುತ್ತಾನೆ. ಅವನ ದೌರ್ಬಲ್ಯವೇ ಅವನನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ತಳ್ಳಿ ಊರು ದಾಟಿಸುತ್ತದೆ. ಸಂಕಲ್ಪ ಹುಟ್ಟುವಾಗ ಕಾಲುಗಳು ಆಗಲೇ ಹೊರಟುಬಿಟ್ಟಿವೆ. ಮೊದಲು ಹೆಜ್ಜೆ, ಆಮೇಲೆ ಕಾರಣ ಎಂಬ ಈ ಕ್ರಮ ಕಾದಂಬರಿಯ ಕೊನೆಯವರೆಗೂ ಬದಲಾಗುವುದಿಲ್ಲ.

ಎರಡನೆಯದು, ಅವನು ಏನೇನು ಇಲ್ಲದೆ ಹೊರಟ ಎಂಬುದು. ಕಾಲಲ್ಲಿರುವುದು ದೋಣಿವಿಹಾರಕ್ಕೆ ಹಾಕುವ ತೆಳು ಅಟ್ಟೆಯ ಬೂಟು. ಮೊಬೈಲ್ ಮನೆಯಲ್ಲೇ ಉಳಿದಿದೆ. ನಕ್ಷೆಯಿಲ್ಲ, ಚಾರಣದ ಬಟ್ಟೆಯಿಲ್ಲ. ಒಂದೊಂದು ಕೊರತೆಯೂ ಮುಂದೆ ಒಂದೊಂದು ಪ್ರಸಂಗಕ್ಕೆ ಬಾಗಿಲು ತೆರೆಯುವಂತೆ ಲೇಖಕಿ ಜೋಡಿಸಿದ್ದಾರೆ. ಮೊಬೈಲ್ ಇಲ್ಲದ್ದರಿಂದ ಹೆಂಡತಿಯೊಡನೆ ಮಾತಾಡಲು ಟೆಲಿಫೋನ್ ಬೂತು ಹುಡುಕಬೇಕು. ಹಾಗಾಗಿ ಪ್ರತಿ ಕರೆಗೂ ತೂಕ ಬರುತ್ತದೆ, ಕರೆಗಳ ನಡುವಿನ ಮೌನವೂ ಕೇಳಿಸುತ್ತದೆ. ನಕ್ಷೆ ಇಲ್ಲದ್ದರಿಂದ ದಾರಿ ಕೇಳಬೇಕು, ಅಂದರೆ ಮನುಷ್ಯರ ಮುಖ ನೋಡಬೇಕು. ಬೂಟು ಸರಿಯಿಲ್ಲದ್ದರಿಂದ ಪಾದದಲ್ಲಿ ಗುಳ್ಳೆ ಏಳುತ್ತದೆ, ನಿಲ್ಲಬೇಕಾಗುತ್ತದೆ, ಯಾರದಾದರೂ ಸಹಾಯ ಬೇಕಾಗುತ್ತದೆ. ಸಿದ್ಧತೆ ಮಾಡಿಕೊಂಡು ಹೊರಟವನಿಗೆ ಇದ್ಯಾವುದೂ ಒದಗುತ್ತಿರಲಿಲ್ಲ. ಮೊದಲ ರಾತ್ರಿಯ ತಂಗುದಾಣದ ಸುಮಾರಿಗೆ ಸಕಲ ಸಲಕರಣೆಯ ಚಾರಣಿಗನೊಬ್ಬನನ್ನು ತಂದು ಹೆರಾಲ್ಡನ ಎದುರು ನಿಲ್ಲಿಸಿರುವುದು ಈ ವ್ಯತ್ಯಾಸ ನಮಗೆ ಕಾಣಲಿ ಎಂದೇ.

ದಾರಿಯ ಆಯ್ಕೆ ಅದಕ್ಕಿಂತ ಸೂಕ್ಷ್ಮ. ಇಂಗ್ಲೆಂಡಿನಲ್ಲಿ ನಡೆಯುವವರಿಗಾಗಿಯೇ ಗುರುತು ಹಾಕಿದ ದೂರದ ಹಾದಿಗಳಿವೆ. 1965ರಲ್ಲಿ ತೆರೆದ ಪೆನೈನ್ ವೇ ಗುಡ್ಡಗಳ ಬೆನ್ನ ಮೇಲೆ 268 ಮೈಲಿ ಸಾಗುತ್ತದೆ. ಹೆರಾಲ್ಡನ ಡೆವನ್ ಸೀಮೆಯಲ್ಲೇ ಹಾದುಹೋಗುವ ನೈಋತ್ಯ ಕರಾವಳಿಯ ಹಾದಿ 630 ಮೈಲಿ ಉದ್ದವಿದೆ. ಅವನು ನಡೆದ ದೂರಕ್ಕೂ ಅದಕ್ಕೂ ಮೂರೇ ಮೈಲಿ ವ್ಯತ್ಯಾಸ! ಆದರೂ ಜಾಯ್ಸ್ ಅವನನ್ನು ಅಂಥ ಹಾದಿಗೆ ಹತ್ತಿಸಲಿಲ್ಲ. ಹೆರಾಲ್ಡ್ ನಡೆಯುವುದು ಬಹುಮಟ್ಟಿಗೆ ವಾಹನಗಳು ಓಡಾಡುವ ರಸ್ತೆಯ ಅಂಚಿನಲ್ಲಿ. ಚಾರಣದ ಹಾದಿಯಲ್ಲಿ ಸಿಗುವವರೆಲ್ಲ ಚಾರಣಿಗರು, ಒಂದೇ ಬಗೆಯ ಜನ. ರಸ್ತೆಯಲ್ಲಾದರೆ ಪೆಟ್ರೋಲ್ ಬಂಕು, ಹೋಟೆಲು, ಬಸ್ ನಿಲ್ದಾಣ, ಆಸ್ಪತ್ರೆ, ಮಠ, ಮಾರುಕಟ್ಟೆ ಎಲ್ಲವೂ ಸಿಗುತ್ತವೆ, ಅವುಗಳೊಳಗಿನ ಜನರೂ ಸಿಗುತ್ತಾರೆ. ತನ್ನ ಪಾಡಿಗೆ ದಿನದ ಕೆಲಸದಲ್ಲಿರುವ ಇಂಗ್ಲೆಂಡಿನ ನಡುವೆ ಕೆಲಸವಿಲ್ಲದ ಒಬ್ಬ ಮುದುಕ ಹಾದುಹೋಗುತ್ತಾನೆ. ಕಾರುಗಳಲ್ಲಿ ಕೂತವರು ಅವನನ್ನು ನೋಡುವ ಮೊದಲೇ ಮುಂದೆ ಹೋಗಿರುತ್ತಾರೆ. ತಾನೂ ನಲವತ್ತು ಚಿಲ್ಲರೆ ವರ್ಷ ಹೀಗೇ ಕಾರಿನಲ್ಲಿ ಕೂತು ಇದೇ ನಾಡನ್ನು ಕಾಣದೆ ಸುತ್ತಿದ್ದೆನೆಂಬುದು ಅವನಿಗೆ ಅರಿವಾಗುವುದು ಆ ಅಂಚಿನಲ್ಲಿ ನಿಂತಾಗ.

ನಮ್ಮಲ್ಲಿ ನಡಿಗೆಯ ಕಾದಂಬರಿ ಎಂದೊಡನೆ ನೆನಪಾಗುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದ ಆ ಕೃತಿಯಲ್ಲಿ ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಸಿಂಭಾವಿ, ಬೆಟ್ಟಳ್ಳಿ, ಮೇಗರವಳ್ಳಿಗಳ ನಡುವಿನ ಕಾಡುದಾರಿಗಳಲ್ಲಿ ನಡೆಯುತ್ತಲೇ ಇರುತ್ತಾರೆ. ಆದರೆ ಅಲ್ಲಿ ಗೌಡರು, ಹೆಗ್ಗಡೆಗಳು, ಹೆಂಗಸರು, ಮಕ್ಕಳು ಎಲ್ಲರೂ ನಡೆಯುವವರೇ. ಸೈಕಲ್ಲೊಂದು ಬಂದರೆ ಸೀಮೆಗೆಲ್ಲ ಸೋಜಿಗ. ನಡಿಗೆ ಅಲ್ಲಿ ಬದುಕಿನ ಸಹಜ ವೇಗ. ಹಾಗಾಗಿ ಆ ಕಾದಂಬರಿಗೆ ದಾರಿಗಳು ಮನೆಯಿಂದ ಮನೆಗೆ, ಕತೆಯಿಂದ ಕತೆಗೆ ದಾಟುವ ಸಂಧಿಗಳು. ಹೆರಾಲ್ಡನ ಕಾಲದಲ್ಲಿ ನಡೆಯುವವನೇ ಸೋಜಿಗ. ಎಲ್ಲರೂ ಬಿಟ್ಟ ವೇಗವನ್ನು ಒಬ್ಬನೇ ಹಿಡಿದುಕೊಂಡಿರುವುದರಿಂದ ಅವನು ಎಲ್ಲಿ ಹೋದರೂ ಪ್ರಶ್ನೆ ಏಳುತ್ತದೆ: ಯಾಕೆ? ಆ ಪ್ರಶ್ನೆಗೆ ಅವನು ಕೊಡುವ ಉತ್ತರ ಊರಿಂದ ಊರಿಗೆ ಬದಲಾಗುತ್ತದೆ. ಕ್ವೀನಿಗಾಗಿ ಎಂಬ ಒಂದೇ ಉತ್ತರ ಕ್ರಮೇಣ ಬಿರುಕು ಬಿಟ್ಟು ಅದರೊಳಗಿನಿಂದ ಬೇರೆ ಕಾರಣಗಳು ಹೊರಬರುತ್ತವೆ.

ಅವು ಹೊರಬರುವ ಬಗೆಯಲ್ಲಿ ಈ ಕಾದಂಬರಿಯ ಅತ್ಯಂತ ಎಚ್ಚರದ ಕುಸುರಿ ಕೆಲಸವಿದೆ. ನೇಯ್ಗೆಯಲ್ಲಿ ಉದ್ದಕ್ಕೆ ಬಿಗಿದ ನೂಲನ್ನು ಹಾಸು ಎನ್ನುತ್ತಾರೆ, ಅಡ್ಡಕ್ಕೆ ಓಡುವ ನೂಲನ್ನು ಹೊಕ್ಕು ಎನ್ನುತ್ತಾರೆ. ಇಲ್ಲಿ ರಸ್ತೆ ಹಾಸು, ನೆನಪು ಹೊಕ್ಕು. ಹಾಸು ಎಲ್ಲೂ ತುಂಡಾಗುವುದಿಲ್ಲ: ಕಿಂಗ್ಸ್‌ಬ್ರಿಜ್ ಆದಮೇಲೆ ಲಾಡಿಸ್ವೆಲ್, ಸೌತ್ ಬ್ರೆಂಟ್, ಬಕ್‌ಫಾಸ್ಟ್‌ನ ಮಠ, ಎಕ್ಸೆಟರ್, ಟಾಂಟನ್, ಬಾತ್, ಹೀಗೆ ಊರುಗಳು ಭೂಪಟದ ಕ್ರಮದಲ್ಲೇ ಬರುತ್ತವೆ. ಓದುಗರಿಗೆ ಎಲ್ಲಿದ್ದೇವೆಂಬ ಗೊಂದಲವಿಲ್ಲ. ಈ ಭದ್ರತೆ ಇರುವುದರಿಂದಲೇ ನೆನಪುಗಳು ಕಾಲಾನುಕ್ರಮ ಬಿಟ್ಟು ಹಿಂದೆ ಮುಂದೆ ಓಡಾಡಬಲ್ಲವು. ಬಾಲ್ಯ, ಮದುವೆ, ಕಚೇರಿ, ಮಗ, ಮತ್ತೆ ಬಾಲ್ಯ. ಯಾವ ನೆನಪು ಎಷ್ಟನೆಯ ಮೈಲಿಯಲ್ಲಿ ಬರಬೇಕೆಂಬುದನ್ನು ಮಾತ್ರ ಲೇಖಕಿ ಬಹಳ ಜಿಪುಣತನದಿಂದ ನಿಶ್ಚಯಿಸಿದ್ದಾರೆ. ಎಷ್ಟು ನಡೆದಿದ್ದಾನೋ ಅಷ್ಟನ್ನೇ ಅವನು ನೆನೆಯಬಲ್ಲ. ಅದಕ್ಕಿಂತ ಹೆಚ್ಚನ್ನು ತಾಳಿಕೊಳ್ಳುವ ಬಲ ಆ ಹೊತ್ತಿಗೆ ಅವನಲ್ಲಿಲ್ಲ.

ಒಂದು ಉದಾಹರಣೆಯನ್ನು ತುಸು ನಿಧಾನವಾಗಿ ನೋಡಬೇಕು. ಹೆರಾಲ್ಡನ ಮಗ ಡೇವಿಡ್ ಚಿಕ್ಕವನಿದ್ದಾಗ ಮನೆಗೆ ಹತ್ತಿರದ ಬ್ಯಾಂಥಮ್ ಕಡಲತೀರದಲ್ಲಿ ಈಜುತ್ತ ಬಹಳ ದೂರ ಹೋಗಿಬಿಟ್ಟಿದ್ದ. ದಡದಲ್ಲಿ ತಾಯಿ ಕೂಗುತ್ತಿದ್ದಳು. ಹೆರಾಲ್ಡ್ ನೀರಿಗೆ ಓಡಿದವನು ನಡುವೆ ನಿಂತು ಬೂಟಿನ ದಾರ ಬಿಚ್ಚತೊಡಗಿದ. ಮಗುವನ್ನು ಹೊರಗೆ ತಂದದ್ದು ಜೀವರಕ್ಷಕ. ಹುಡುಗ ಬದುಕಿದ, ಯಾರೂ ಆ ಬಗ್ಗೆ ಮಾತಾಡಲಿಲ್ಲ. ಆದರೆ ಅಪ್ಪ ದಾರ ಬಿಚ್ಚಲು ನಿಂತದ್ದನ್ನು ಮಗನೂ ನೋಡಿದ್ದ, ತಾಯಿಯೂ ನೋಡಿದ್ದಳು. ಈಗ ಆ ಮನುಷ್ಯ ಬೂಟಿನ ಸ್ಥಿತಿ ಏನೇ ಇರಲಿ, ನಿಲ್ಲದೆ ನಡೆಯುತ್ತಿದ್ದಾನೆ. ಅಟ್ಟೆ ಸವೆದರೆ ಟೇಪು ಸುತ್ತಿಕೊಳ್ಳುತ್ತಾನೆ, ಬೇರೆ ಬೂಟು ಬೇಡ ಎನ್ನುತ್ತಾನೆ. ಈ ಎರಡು ಬೂಟುಗಳಿಗೂ ಸಂಬಂಧವಿದೆ ಎಂದು ಲೇಖಕಿ ಎಲ್ಲೂ ಬೆರಳು ಮಾಡಿ ತೋರಿಸುವುದಿಲ್ಲ. ಮೊದಲ ಪುಟಗಳಲ್ಲಿ ಆ ತೆಳು ಬೂಟು ಒಬ್ಬ ಮುದುಕನ ಅವಿವೇಕದಂತೆ ಕಾಣುತ್ತದೆ. ನೂರಾರು ಪುಟ ಕಳೆದ ಮೇಲೆ ಅದೇ ಬೂಟು ಅವನ ಇಡೀ ತಪ್ಪೊಪ್ಪಿಗೆಯಾಗಿ ಕಾಣುತ್ತದೆ. ವಸ್ತು ಬದಲಾಗಿಲ್ಲ, ನಾವು ಅದರ ಜೊತೆ ದೂರ ಬಂದಿದ್ದೇವೆ ಅಷ್ಟೆ.

ದಾರಿಯಲ್ಲಿ ಸಿಗುವ ಅಪರಿಚಿತರನ್ನು ರೂಪಿಸಿರುವ ರೀತಿಯಲ್ಲಿ ಜಾಯ್ಸ್ ಅವರ ಹಿಂದಿನ ಕಸುಬು ಕಾಣುತ್ತದೆ. ಕಾದಂಬರಿಗೆ ಬರುವ ಮುಂಚೆ ಅವರು ಬಿಬಿಸಿ ರೇಡಿಯೋ 4ಕ್ಕೆ ಇಪ್ಪತ್ತಕ್ಕೂ ಹೆಚ್ಚು ನಾಟಕಗಳನ್ನು ಬರೆದಿದ್ದವರು. ಈ ಕತೆಯೂ ಮೊದಲು ಹುಟ್ಟಿದ್ದು ರೇಡಿಯೋ ನಾಟಕವಾಗಿ. ತಂದೆ ಕ್ಯಾನ್ಸರ್‌ನಿಂದ ಸಾಯುತ್ತಿದ್ದ ದಿನಗಳಲ್ಲಿ ಅವರು ಅದನ್ನು ಬರೆದರು. ಅದಕ್ಕೆ 2007ರಲ್ಲಿ ಟಿನಿಸ್‌ವುಡ್ ಪ್ರಶಸ್ತಿ ಬಂತು. ರೇಡಿಯೋ ನಾಟಕಕಾರರಿಗೆ ದೃಶ್ಯವಿಲ್ಲ, ದನಿ ಮಾತ್ರ ಇದೆ. ಒಬ್ಬ ವ್ಯಕ್ತಿಯನ್ನು ಹತ್ತು ಮಾತಿನಲ್ಲಿ ಕೇಳುಗರ ಮುಂದೆ ನಿಲ್ಲಿಸಿ, ಹನ್ನೊಂದನೆಯ ಮಾತಿಗೆ ಮೊದಲು ಕಳುಹಿಸಿಕೊಡಬೇಕು. ಹೆರಾಲ್ಡನಿಗೆ ಸಿಗುವ ಒಬ್ಬೊಬ್ಬರೂ ಅಂಥ ಕಿರುನಾಟಕದ ಪಾತ್ರಗಳು. ಅಧ್ಯಾಯಗಳ ತಲೆಬರಹಗಳಲ್ಲೂ ಇದೇ ಧಾಟಿ: ಹೆರಾಲ್ಡ್ ಮತ್ತು ಇಂಥವರು, ಹೆರಾಲ್ಡ್ ಮತ್ತು ಅಂಥವರು.

ಸೌತ್ ಬ್ರೆಂಟ್‌ನಲ್ಲಿ ಸಿಗುವ ಮಾರ್ಟಿನಾ ಸ್ಲೊವಾಕಿಯಾದಿಂದ ಬಂದವಳು. ವೈದ್ಯೆಯಾಗಿ ಓದಿದವಳಿಗೆ ಇಂಗ್ಲೆಂಡಿನಲ್ಲಿ ಸಿಕ್ಕಿರುವುದು ಶೌಚಾಲಯ ತೊಳೆಯುವ ಕೆಲಸ. ರಸ್ತೆಯಲ್ಲಿ ಕುಂಟುತ್ತಿದ್ದ ಮುದುಕನನ್ನು ಮನೆಗೆ ಕರೆದೊಯ್ದು, ಪಾದ ತೊಳೆದು, ಗುಳ್ಳೆಗಳಿಗೆ ಔಷಧಿ ಹಚ್ಚುತ್ತಾಳೆ. ಆ ಅರ್ಧ ಗಂಟೆ ಅವಳು ಮತ್ತೆ ವೈದ್ಯೆ. ನಮ್ಮ ಉತ್ತರ ಕರ್ನಾಟಕದಿಂದ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದುಹೋಗುವ ಮಲ್ಲಯ್ಯನ ಭಕ್ತರನ್ನು ಬಲ್ಲವರಿಗೆ ಈ ದೃಶ್ಯ ಹೊಸದೆನಿಸದು. ಹಾದಿಯ ಊರುಗಳಲ್ಲಿ ಅವರಿಗೆ ಪ್ರಸಾದ, ಬಿಸಿನೀರು, ಕಾಲಿಗೆ ಎಣ್ಣೆ ಕಾದಿರುತ್ತವೆ. ಆದರೆ ಅದು ತಲೆಮಾರುಗಳಿಂದ ಬಂದ ರೂಢಿ, ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ತಮ್ಮ ತಮ್ಮ ಪಾತ್ರ ಗೊತ್ತು. ಹೆರಾಲ್ಡನ ನಾಡಿನಲ್ಲಿ ಆ ರೂಢಿ ಉಳಿದಿಲ್ಲ. ಅಲ್ಲಿ ಯಾರಾದರೂ ಬಾಗಿಲು ತೆರೆಯಬೇಕಾದರೆ ಆ ಕ್ಷಣದಲ್ಲಿ, ತಾವೊಬ್ಬರೇ, ತೆರೆಯುವುದೋ ಬೇಡವೋ ಎಂದು ತೀರ್ಮಾನಿಸಬೇಕು. ಹೀಗಾಗಿ ಪ್ರತಿ ಉಪಕಾರದ ಹಿಂದೆಯೂ ಒಂದು ಸಣ್ಣ ಹಿಂಜರಿಕೆ ಇದೆ. ಆ ಹಿಂಜರಿಕೆಯನ್ನು ಬರೆಯಲು ಜಾಯ್ಸ್ ಅವರಿಗೆ ಎಷ್ಟು ಚೆನ್ನಾಗಿ ಬರುತ್ತದೆಂದರೆ, ಒಂದು ಲೋಟ ನೀರು ಕೊಡುವುದೂ ಘಟನೆಯಾಗುತ್ತದೆ.

ಎಕ್ಸೆಟರ್ ರೈಲು ನಿಲ್ದಾಣದ ಹೋಟೆಲಿನಲ್ಲಿ ನೆರೆಗೂದಲಿನ ಗಣ್ಯರೊಬ್ಬರು ಅವನ ಮೇಜಿಗೆ ಬಂದು ಕೂರುತ್ತಾರೆ. ನೀಟಾಗಿ ಉಡುಪು ಧರಿಸಿದ ಆ ಮನುಷ್ಯ ತಾನು ಗುಟ್ಟಾಗಿ ಭೇಟಿಯಾಗುವ ಒಬ್ಬ ಯುವಕನ ವಿಷಯ ಬಿಚ್ಚಿಡುತ್ತಾರೆ. ಅದರಲ್ಲಿ ಹೆರಾಲ್ಡನಿಗೆ ಮುಜುಗರವಾಗುವ ವಿವರಗಳಿವೆ. ಕೊನೆಗೆ ಅವರ ಪ್ರಶ್ನೆ ಇಷ್ಟೇ: ಆ ಹುಡುಗನ ಬೂಟಿನಲ್ಲಿ ತೂತಾಗಿದೆ, ಹೊಸದು ಕೊಡಿಸಲೇ? ಹೆರಾಲ್ಡ್ ಸ್ವಲ್ಪ ಯೋಚಿಸಿ, ಕೊಡಿಸಿ ಎನ್ನುತ್ತಾನೆ. ಇಲ್ಲಿ ಮತ್ತೆ ಬೂಟು ಬಂದಿರುವುದು ಆಕಸ್ಮಿಕವಲ್ಲ. ನಡೆಯುವವನಿಗೆ ಮಾತ್ರ ಆ ತೂತಿನ ಗಾಳಿ, ನೀರು, ನೋವು ಗೊತ್ತು. ನಾಲ್ಕು ದಿನ ಮೊದಲಾಗಿದ್ದರೆ ಇವನು ಎದ್ದು ಹೋಗುತ್ತಿದ್ದ. ಈಗ ಅವನ ಪಾದ ಅವನಿಗೆ ಪರರ ಕಷ್ಟವನ್ನು ಕಲಿಸಿದೆ. ನಡಿಗೆ ಗುಣವನ್ನು ಬದಲಿಸಿತು ಎಂದು ಬರೆದಿದ್ದರೆ ಅದು ಬರಿಯ ಹೇಳಿಕೆಯಾಗುತ್ತಿತ್ತು. ಇಲ್ಲಿ ಬದಲಾವಣೆ ಒಂದು ಪದದ ಉತ್ತರದಲ್ಲಿ ಸಿದ್ಧವಾಗಿ ಬಂದಿದೆ.

ಇತ್ತ ಮನೆಯಲ್ಲಿರುವ ಮೌರೀನಳನ್ನು ಲೇಖಕಿ ಮರೆಯುವುದಿಲ್ಲ. ಹೆರಾಲ್ಡನ ಅಧ್ಯಾಯಗಳ ನಡುನಡುವೆ ಅವಳ ಅಧ್ಯಾಯಗಳಿವೆ. ಅವಳಿಗೆ ದಾರಿಯಿಲ್ಲ. ಅಡುಗೆಮನೆ, ಕಿಟಕಿ, ಮಗನ ಕೋಣೆ, ಪಕ್ಕದ ಮನೆಯ ವಿಧುರ ರೆಕ್ಸ್, ಇಷ್ಟೇ. ಮೊದಲು ಅವಳದು ಕೋಪ, ಸಂಶಯ, ನೆರೆಯವರಿಗೆ ಹೇಳುವ ಸುಳ್ಳು. ಆದರೆ ಗಂಡ ದೂರವಾದಷ್ಟೂ ಅವಳಿಗೆ ಅವನು ಕಾಣತೊಡಗುತ್ತಾನೆ. ಒಂದೇ ಮನೆಯಲ್ಲಿದ್ದಾಗ ಅವರ ನಡುವೆ ಇದ್ದ ಅಂತರವನ್ನು ಅಳೆಯಲು ನೂರಾರು ಮೈಲಿಗಳ ಅಂತರವೇ ಬೇಕಾಯಿತು. ಒಮ್ಮೆ ರೆಕ್ಸ್‌ನ ಕಾರಿನಲ್ಲಿ ಹೋಗಿ ಗಂಡನನ್ನು ಕಂಡು ಬರುತ್ತಾಳೆ. ಅವನು ವಾರಗಟ್ಟಲೆ ನಡೆದು ಮುಟ್ಟಿದ್ದನ್ನು ಅವಳು ಗಂಟೆಗಳಲ್ಲಿ ಮುಟ್ಟುತ್ತಾಳೆ, ಆದರೂ ಆ ಭೇಟಿ ಕೈಗೂಡುವುದಿಲ್ಲ. ಹೋಗಿ ಮುಟ್ಟಿದ ಮಾತ್ರಕ್ಕೆ ಅವಳು ಅಲ್ಲಿಗೆ ಬಂದಂತಾಗಿರಲಿಲ್ಲ.

ಉತ್ತರಕ್ಕೆ ಹೋದಂತೆ ಹೆರಾಲ್ಡ್ ಹಗುರಾಗುತ್ತಾನೆ. ಮೊದಮೊದಲು ವಸತಿಗೃಹಗಳಲ್ಲಿ ಮಲಗುತ್ತಿದ್ದವನು, ದಾರಿಯಲ್ಲಿ ಉಡುಗೊರೆ ಕೊಳ್ಳುತ್ತಿದ್ದವನು, ನಡುದಾರಿಗೆ ಬರುವ ವೇಳೆಗೆ ಹಣದ ಕಾರ್ಡು ಮುಂತಾದವನ್ನು ಪೊಟ್ಟಣ ಕಟ್ಟಿ ಮನೆಗೆ ಅಂಚೆಯಲ್ಲಿ ಕಳಿಸಿಬಿಡುತ್ತಾನೆ. ಮುಂದೆ ಬಯಲಲ್ಲಿ ನಿದ್ದೆ, ಬೇಲಿಯಲ್ಲಿ ಸಿಕ್ಕಿದ್ದು ಊಟ. ಋತುವೂ ದಾರಿಯೊಂದಿಗೆ ಸಾಗುತ್ತದೆ. ಡೆವನ್‌ನ ಎತ್ತರದ ಬೇಲಿಗಳ ನಡುವಿನ ಇಕ್ಕಟ್ಟು ರಸ್ತೆಗಳಲ್ಲಿ ವಸಂತ, ಉತ್ತರದಲ್ಲಿ ಬೇಸಿಗೆ. ಆ ಅಕ್ಷಾಂಶದಲ್ಲಿ ಜೂನ್ ತಿಂಗಳ ಇರುಳುಗಳು ತೀರಾ ಕಿರಿದು, ಕತ್ತಲು ಪೂರ್ತಿ ಇಳಿಯುವುದೇ ಇಲ್ಲ. ಬಯಲಲ್ಲಿ ಮಲಗುವವನಿಗೆ ನೆನಪುಗಳಿಂದ ತಪ್ಪಿಸಿಕೊಳ್ಳಲು ರಾತ್ರಿಯ ಮರೆಯೂ ಉಳಿಯುವುದಿಲ್ಲ.

ಕವೆಂಟ್ರಿಯ ಆಸುಪಾಸಿನಲ್ಲಿ ಅವನ ಸುದ್ದಿ ಪತ್ರಿಕೆಗೆ ಬಂದು ಜನ ಹಿಂಬಾಲಿಸತೊಡಗುತ್ತಾರೆ. ವಿಲ್ಫ್ ಎಂಬ ತಳಮಳದ ಹುಡುಗ, ಕೇಟ್ ಎಂಬಾಕೆ, ಮುಂದಾಳುತನ ವಹಿಸಿಕೊಳ್ಳುವ ರಿಚ್, ಒಂದು ನಾಯಿ, ಆಮೇಲೆ ದೊಡ್ಡ ಗುಂಪು. ಹೆಸರು ಮುದ್ರಿಸಿದ ಟೀ ಶರ್ಟುಗಳು ಬರುತ್ತವೆ. ಈ ಭಾಗದ ಕೆಲವು ಪಾತ್ರಗಳು ತೆಳುವಾಗಿವೆ ಎಂದೇ ನನ್ನ ಅನಿಸಿಕೆ. ಗುಂಪಿನವರಲ್ಲಿ ಹಲವರು ಒಂದೇ ಗುಣದ ಚೀಟಿ ಅಂಟಿಸಿಕೊಂಡಂತಿದ್ದಾರೆ. ಆದರೂ ಇದನ್ನು ತೆಗೆದುಹಾಕಿದ್ದರೆ ಕಾದಂಬರಿಯ ಬೆನ್ನು ಮುರಿಯುತ್ತಿತ್ತು. ಒಬ್ಬನೇ ನಡೆಯುವಾಗ ದಾರಿ ಹೆರಾಲ್ಡನಿಗೆ ಕಲಿಸಿದ್ದೇನೆಂಬುದು ನಮಗೆ ಖಚಿತವಾಗುವುದು ಗುಂಪು ಅದನ್ನು ಕಿತ್ತುಕೊಂಡಾಗ. ಮಾತಿನ ಗದ್ದಲದಲ್ಲಿ ನೆನಪುಗಳು ನಿಂತುಹೋಗುತ್ತವೆ, ವೇಗ ಕುಗ್ಗುತ್ತದೆ, ಕ್ವೀನಿ ಒಂದು ಘೋಷಣೆಯಾಗುತ್ತಾಳೆ. ಜಾನ್ ಬನ್ಯನ್ ಬರೆದ 17ನೆಯ ಶತಮಾನದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಈ ಕಾದಂಬರಿಯ ಹಿರಿಯ ಪೂರ್ವಜ. 19ನೆಯ ಶತಮಾನದಲ್ಲೇ ಅದು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದಿತ್ತು. ಬನ್ಯನ್ ತನ್ನ ಯಾತ್ರಿಕನ ದಾರಿಗೆ ಹತಾಶೆಯ ಕೆಸರು, ಆಡಂಬರದ ಸಂತೆ ಮುಂತಾದ ಹೆಸರಿಟ್ಟ ಜಾಗಗಳನ್ನು ತಂದಿಟ್ಟಿದ್ದ. ಜಾಯ್ಸ್ ಅವರಿಗೆ ಅಂಥ ಹೆಸರುಗಳು ಬೇಕಾಗಲಿಲ್ಲ, ಆ ಸಂತೆ ಟೀ ಶರ್ಟು ಹಾಕಿಕೊಂಡು ತಾನಾಗಿಯೇ ಹೆರಾಲ್ಡನ ಹಿಂದೆ ಬಂತು. ಕೊನೆಗೆ ಗುಂಪು ಅವನನ್ನೇ ಬಿಟ್ಟು ಮುಂದೆ ಹೊರಟುಹೋಗುತ್ತದೆ. ನಾಯಿಯೂ ಬಸ್ ನಿಲ್ದಾಣದಲ್ಲಿ ಸಿಕ್ಕ ಶಾಲಾ ಹುಡುಗಿಯೊಬ್ಬಳ ಜೊತೆ ಹೋಗಿಬಿಡುತ್ತದೆ.

ಅದಾದ ಮೇಲೆ ದಾರಿ ತಪ್ಪುತ್ತದೆ. ನಕ್ಷೆಯ ಮೇಲೆ ಕಿಂಗ್ಸ್‌ಬ್ರಿಜ್‌ನಿಂದ ಬೆರಿಕ್‌ಗೆ ನೇರ ಗೆರೆ ಎಳೆದರೆ ಸುಮಾರು 620 ಕಿಲೋಮೀಟರ್. ಹೆರಾಲ್ಡ್ ನಡೆದದ್ದು ಅದಕ್ಕಿಂತ ಹೆಚ್ಚುಕಡಿಮೆ 390 ಕಿಲೋಮೀಟರ್ ಹೆಚ್ಚು. ಆ ಹೆಚ್ಚುವರಿಯ ಬಹುಪಾಲು ರಸ್ತೆಯ ಸಹಜ ತಿರುವುಗಳೇ ಆದರೂ, ಕೊನೆಯಲ್ಲಿ ಅವನು ನಿಜವಾಗಿಯೂ ಗೊತ್ತುಗುರಿ ಇಲ್ಲದೆ ಅಲೆಯುತ್ತಾನೆ. ಊರುಗಳ ಕ್ರಮ ಕಲಸಿಹೋಗುತ್ತದೆ, ಇಷ್ಟು ದೂರ ಭದ್ರವಾಗಿದ್ದ ಹಾಸಿನ ನೂಲು ಸಡಿಲವಾಗುತ್ತದೆ. ಲೇಖಕಿ ಗುಟ್ಟನ್ನು ಹೊರಗೆ ಬಿಡುವುದು ಸರಿಯಾಗಿ ಈ ಜಾಗದಲ್ಲಿ. ಪೆಟ್ರೋಲ್ ಬಂಕಿನ ಹುಡುಗಿಗೆ ಹೆರಾಲ್ಡ್ ಬರೆಯುವ ಕಾಗದದಲ್ಲಿ ನಮಗೆ ತಿಳಿಯುತ್ತದೆ: ಮೌರೀನ್ ದಿನವೂ ಮಾತಾಡಿಸುವ ಮಗ ಡೇವಿಡ್ ಇಪ್ಪತ್ತು ವರ್ಷದ ಹಿಂದೆಯೇ ತೋಟದ ಶೆಡ್ಡಿನಲ್ಲಿ ಪ್ರಾಣ ಕಳೆದುಕೊಂಡಿದ್ದ. ಆ ದುಃಖದಲ್ಲಿ ಕುಡಿದ ಹೆರಾಲ್ಡ್ ಕಚೇರಿಗೆ ನುಗ್ಗಿ ಮಾಲೀಕನ ತಾಯಿಯ ಗಾಜಿನ ಬೊಂಬೆಗಳನ್ನು ಒಡೆದುಹಾಕಿದ್ದ. ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತು ಕೆಲಸ ಕಳೆದುಕೊಂಡವಳು ಕ್ವೀನಿ. ಅವಳಿಗೆ ಅವನು ಒಂದು ಮಾತು ಕೃತಜ್ಞತೆ ಹೇಳಲಿಲ್ಲ.

ಇದನ್ನೆಲ್ಲ ಅವನು ಮೊದಲ ದಿನವೇ ಬಲ್ಲ. ಓದುಗರಿಗೆ ಮುಚ್ಚಿಟ್ಟು ಕೊನೆಗೆ ಬೆರಗುಗೊಳಿಸುವುದು ಸುಲಭದ ತಂತ್ರ, ಹಲವು ಸಲ ಅದು ಮೋಸದಂತೆ ತೋರುವುದೂ ಉಂಟು. ಇಲ್ಲಿ ಹಾಗನಿಸದಿರಲು ಕಾರಣ ದಾರಿಯ ಉದ್ದ. ಅವನು ನಮ್ಮಿಂದ ಮುಚ್ಚಿಡುವ ಮೊದಲು ತನ್ನಿಂದಲೇ ಮುಚ್ಚಿಟ್ಟುಕೊಂಡಿದ್ದ. ಮೌರೀನ್ ಮಗನೊಡನೆ ಆಡುವ ಮಾತುಗಳನ್ನು ಎರಡನೆಯ ಸಲ ಓದಿದರೆ ಆ ಕಡೆಯಿಂದ ಹೊಸ ಸಂಗತಿ ಏನೊಂದೂ ಬಂದಿಲ್ಲವೆಂಬುದು ಕಾಣುತ್ತದೆ. ಸುಳಿವುಗಳು ಎಲ್ಲ ಕಡೆ ಇದ್ದವು, ನಾವು ಹೆರಾಲ್ಡನ ಹಾಗೆಯೇ ರಸ್ತೆ ನೋಡುತ್ತ ನಡೆದುಬಿಟ್ಟಿದ್ದೆವು.

ಬೆರಿಕ್ ಇನ್ನು ಕೆಲವೇ ಮೈಲಿ ಇರುವಾಗ ಅವನು ಹೆಂಡತಿಗೆ ಫೋನ್ ಮಾಡಿ, ಸಾಕಾಯಿತು, ಮನೆಗೆ ಬರುತ್ತೇನೆ ಎಂದು ಅಳುತ್ತಾನೆ. ಹೊರಟ ದಿನ ಹಿಂತಿರುಗಲಿ ಎಂದು ಬಯಸಿದ್ದವಳು ಅವಳು. ಈಗ ಅವಳೇ, ಇಷ್ಟು ಹತ್ತಿರ ಬಂದಿದ್ದೀಯ, ಮುಂದೆ ಹೋಗು ಎನ್ನುತ್ತಾಳೆ. ನಡೆದವನು ಸೋತಿದ್ದಾನೆ, ಮನೆಯಲ್ಲೇ ಕೂತವಳು ದಾರಿ ಮುಗಿಸಿದ್ದಾಳೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಶಿಖರ ಈ ಫೋನ್ ಕರೆ, ಹಾಸ್ಪಿಸ್‌ನ ಭೇಟಿಯಲ್ಲ.

ಆ ಭೇಟಿ ಬಹಳ ಚಿಕ್ಕದು. ಕ್ವೀನಿ ಮಾತಾಡುವ ಸ್ಥಿತಿಯಲ್ಲಿಲ್ಲ. ಒಂದು ಕಾಲಕ್ಕೆ ಅವನ ಕಾರಿನಲ್ಲಿ ಕೂತು ಹಾಡುಗಳನ್ನು ಹಿಂದುಮುಂದಾಗಿ ಹಾಡುತ್ತಿದ್ದವಳ ಮುಖವನ್ನು ಗೆಡ್ಡೆ ತಿಂದುಹಾಕಿದೆ. ಅವನ ನಡಿಗೆ ಅವಳನ್ನು ಉಳಿಸಲಿಲ್ಲ, ಉಳಿಸಬಹುದೆಂದು ಕಾದಂಬರಿ ಎಲ್ಲೂ ಭರವಸೆ ಕೊಟ್ಟಿರಲೂ ಇಲ್ಲ. ಅವಳ ಸಾವಿನ ನಂತರ ಹೆರಾಲ್ಡ್ ಮತ್ತು ಮೌರೀನ್ ಬೆರಿಕ್‌ನ ಕಡಲ ಬಳಿ ತಾವು ಮೊದಲು ಭೇಟಿಯಾದ ದಿನದ ಒಂದು ಮಾತನ್ನು ನೆನೆಸಿಕೊಂಡು ನಗುತ್ತಾರೆ.

ಜಾಯ್ಸ್ ಅವರು ಈ ದಾರಿಯನ್ನು ಅಲ್ಲಿಗೆ ಬಿಡಲಿಲ್ಲ. 2014ರಲ್ಲಿ ಬಂದ ‘ದಿ ಲವ್ ಸಾಂಗ್ ಆಫ್ ಮಿಸ್ ಕ್ವೀನಿ ಹೆನ್ನೆಸಿ’ ಅದೇ ಅವಧಿಯನ್ನು ಹಾಸಿಗೆ ಹಿಡಿದ ಕ್ವೀನಿಯ ಕಡೆಯಿಂದ ಹೇಳುತ್ತದೆ. ಒಬ್ಬ ನಡೆಯುತ್ತಿರುವಾಗ ಕಾಯುವುದೂ ಎಷ್ಟು ಶ್ರಮದ ಕೆಲಸ ಎಂಬುದು ಅಲ್ಲಿದೆ. 2022ರ ಪುಟ್ಟ ಕೃತಿಯಲ್ಲಿ, ಹತ್ತು ವರ್ಷದ ನಂತರ, ಮೌರೀನ್ ಒಬ್ಬಳೇ ಕಾರು ಓಡಿಸಿಕೊಂಡು ಕ್ವೀನಿ ಬೆಳೆಸಿದ್ದ ಕಡಲಂಚಿನ ತೋಟವನ್ನು ಹುಡುಕಿ ಉತ್ತರಕ್ಕೆ ಹೋಗುತ್ತಾಳೆ. ಕಾಲ ಚಳಿಗಾಲ. ಅವಳು ಗಂಡನಷ್ಟು ಸಲೀಸಾಗಿ ಜನರೊಡನೆ ಬೆರೆಯುವವಳಲ್ಲ, ಸಿಡುಕು ಹೆಚ್ಚು. ಕಾರಿನ ಗಾಜು ಏರಿಸಿಕೊಂಡವಳಿಗೆ ಯಾರೂ ತಾವಾಗಿ ಎದುರಾಗುವುದಿಲ್ಲ. ಹೆರಾಲ್ಡನಿಗೆ ದಾರಿ ಕೇಳದೆಯೇ ಕೊಟ್ಟ ಮನುಷ್ಯರನ್ನೆಲ್ಲ ಅವಳು ಕಾರು ನಿಲ್ಲಿಸಿ, ಇಳಿದು, ತಾನೇ ಹೋಗಿ ಕಾಣಬೇಕಾಗುತ್ತದೆ.